ಅಡ್ವಾನ್ಸಿಗೆ ಕೊಟ್ಟ ನಗು

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಿಮಗೆ ಗೊತ್ತಿದೆ. ನಮ್ಮೂರಿನಲ್ಲಿ ಅದನ್ನು ಹಾಗೆ ಹೇಳುವುದಿಲ್ಲ. ಛತ್ರದವರ ಜಗಳ ಉಂಡು ಏಳುವ ತನಕ ಎನ್ನುತ್ತೇವೆ. ಗಾದೆಯ ಕೈಕಾಲು ಮುರಿದೆ ಎಂದು ಬೈಯಬೇಡಿ. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ. ಹಾಗಿದ್ದ ಮೇಲೆ ಕೈಕಾಲು ಮುರಿದ ಗಾದೆ ಓಡಿಹೋಗಲಾರದೆ ಇದ್ದಲ್ಲೇ ಕೂತು ನಿಜ ಹೇಳುತ್ತದೆ. ನಾನು ಈಗ ಹೇಳುವುದೂ ನಡೆದದ್ದೇ. ಬಿ.ಎ.ಯಲ್ಲಿ ತರ್ಕಶಾಸ್ತ್ರ ಓದಿದವನು ನಾನು. ಸುಳ್ಳೇ ಹೇಳಬೇಕಾಗಿದ್ದರೆ ಇದಕ್ಕಿಂತ ನಂಬುವಂಥದ್ದನ್ನು ಹೇಳುತ್ತಿದ್ದೆ.

ನಮ್ಮೂರಿಗೆ ಇರುವುದು ಒಂದೇ ಕಲ್ಯಾಣ ಮಂಟಪ, ಅದರ ಹೆಸರು ಪರಮಾನಂದ. ಯಜಮಾನರ ಹೆಸರು ಸದಾನಂದಯ್ಯ. ಹೆಸರಿನಲ್ಲಿ ಸದಾ ಎನ್ನುವುದು ಅವರ ಪಾಲಿಗೆ, ಆನಂದವೆಲ್ಲ ಅವರ ಉಗ್ರಾಣದ ಪಾಲಿಗೆ. ಛತ್ರ ಗೊತ್ತು ಮಾಡಲು ಹೋದ ದಿನ ಮದುಮಗಳು ಅವರ ಮುಂದೆ ಕೂತು, ಉಪ್ಪಿನಕಾಯಿ ಭರಣಿಯೊಂದರ ಬಾಯಿಗೆ ಬಾಯಿ ಇಟ್ಟು ಮನಸಾರೆ ನಗಬೇಕು. ಕೊನೆಯ ಕಿಸಕ್ಕು ಒಳಗೆ ಬಿದ್ದ ಮೇಲೆ ಯಜಮಾನರು ಮುಚ್ಚಳ ಹಾಕಿ, ಬಿಳಿ ಬಟ್ಟೆ ಸುತ್ತಿ, ದಾರ ಬಿಗಿದು ಭರಣಿಯನ್ನು ಉಗ್ರಾಣದ ಹಲಗೆಯ ಮೇಲಿಡುತ್ತಾರೆ. ಅದೇ ಅಡ್ವಾನ್ಸು. ಗಂಡಿನ ಕಡೆಯವರು ಛತ್ರ ಹಿಡಿದರೆ ಮದುಮಗ ನಗಬೇಕು. ಮದುವೆಯ ದಿನ ಮಜ್ಜಿಗೆ ಬಡಿಸಿದ ಮೇಲೆ ಯಜಮಾನರು ಊಟದ ಮನೆಯ ಹೊಸ್ತಿಲ ಮೇಲೆ ನಿಂತು, ಎಲ್ಲರ ಊಟ ಆಯ್ತಾ ಎಂದು ಕೇಳುತ್ತಾರೆ. ಎಲೆಯ ಮುಂದೆ ಕೂತವರು ಆಯ್ತು ಎನ್ನುತ್ತಾರೆ. ಅಲ್ಲಿಗೆ ಮದುವೆ ಮುಗಿದ ಹಾಗೆ. ಉಗ್ರಾಣದಲ್ಲಿ ಆ ಮನೆಯ ಭರಣಿಯ ದಾರ ತಾನಾಗಿ ಕಳಚಿಕೊಳ್ಳುತ್ತದೆ, ಮದುಮಗಳು ಎಲೆಯ ಮುಂದೆಯೇ ನಗುತ್ತಾಳೆ. ತಾಳಿ ಕಟ್ಟುವಾಗ ನಮ್ಮ ಹೆಣ್ಣುಮಕ್ಕಳು ತಲೆ ತಗ್ಗಿಸಿ ಗಂಭೀರವಾಗಿ ಕೂತಿರುವುದನ್ನು ನೋಡಿ ಪರವೂರಿನವರು ಎಂಥ ನಯವಿನಯ ಎಂದು ಮೆಚ್ಚುತ್ತಾರೆ. ಅದು ವಿನಯವಲ್ಲ, ಭರಣಿ. ಛತ್ರ ಹಿಡಿದ ಮೇಲೆ ಮದುವೆ ಮುಗಿಯುವ ತನಕ ಆ ಮನೆಯಲ್ಲಿ ಯಾರೂ ತಮಾಷೆ ಮಾಡುವುದಿಲ್ಲ. ಮಾಡಿದರೆ ಶ್ರಾದ್ಧದ ಮನೆಯಲ್ಲಿ ಈರುಳ್ಳಿ ಹೆಚ್ಚಿದವನನ್ನು ನೋಡುವ ಹಾಗೆ ನೋಡುತ್ತಾರೆ.

ನನ್ನ ತಂಗಿ ಕುಮುದಾಳ ಮದುವೆಗೂ ಹೀಗೇ ಛತ್ರ ಹಿಡಿದೆವು. ಅವಳ ನಗುವಿನ ವಿಷಯ ಸ್ವಲ್ಪ ಹೇಳಬೇಕು. ಮೊದಲು ಒಂದು ಬಿಕ್ಕು, ಆಮೇಲೆ ಸ್ಟೀಲ್ ಲೋಟಗಳ ಸಾಲು ಮೆಟ್ಟಿಲಿಳಿದು ಬಂದ ಹಾಗೆ ಸದ್ದು, ಕೊನೆಗೊಂದು ಅಯ್ಯೋ ದೇವರೇ. ಅವಳನ್ನು ನೋಡಲು ಬಂದ ಗಂಡು ಪ್ರಾಣೇಶ ಪಕ್ಕದ ಸೀಮೆಯವನು, ಅಂಚೆ ಕಚೇರಿಯಲ್ಲಿ ಕೆಲಸ. ತಾನು ದೊಡ್ಡ ಹಾಸ್ಯಗಾರ ಎಂಬುದು ಅವನ ನಂಬಿಕೆ, ಆದರೆ ಅದಕ್ಕೆ ಅಲ್ಲಿಯವರೆಗೆ ಸಾಕ್ಷಿ ಸಿಕ್ಕಿರಲಿಲ್ಲ. ತಟ್ಟೆ ಮುಂದಿಟ್ಟಾಗ ಒಂದು ಚಮಚ ಬಾಯಿಗೆ ಹಾಕಿ, "ಉಪ್ಪಿಟ್ಟು ಅಂತೀರಿ, ಉಪ್ಪೇ ಇಟ್ಟಿಲ್ಲ" ಎಂದ. ನಾನು ಶ್ಲೇಷೆಯನ್ನೇ ಅನ್ನ ಮಾಡಿಕೊಂಡು ತಿನ್ನುವವನು, ನನಗೇ ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಕುಮುದಾ ಮಾತ್ರ ಬಾಗಿಲ ಹಿಂದಿನಿಂದ ಬಿಕ್ಕಿ, ಲೋಟಗಳನ್ನೆಲ್ಲ ಉರುಳಿಸಿ, ದೇವರನ್ನು ಕರೆದಳು. ಪ್ರಾಣೇಶ ಅವಳ ಮುಖ ನೋಡುವ ಮೊದಲೇ ಒಪ್ಪಿಕೊಂಡುಬಿಟ್ಟ.

ಮಾಘದಲ್ಲಿ ನಗು ಕೊಟ್ಟು ಬಂದೆವು. ವೈಶಾಖದ ಹೊತ್ತಿಗೆ ಕಾಯಿಲೆ ಎರಡನೆಯ ಸಲ ತಿರುಗಿ ಬಂದಿತ್ತು. ಛತ್ರಗಳಿಗೆ ಬೀಗ ಬಿತ್ತು. ಮದುವೆ ನಮ್ಮ ಹಿತ್ತಿಲಲ್ಲಿ, ನೀರಿನ ತೊಟ್ಟಿಯ ಪಕ್ಕದಲ್ಲಿ ಆಯಿತು. ಪುರೋಹಿತರು ಮಾಸ್ಕಿನೊಳಗಿಂದ ಹೇಳಿದ ಮಂತ್ರ ದೇವರಿಗೆ ಮುಟ್ಟಿತೋ ಮಾಸ್ಕಿನಲ್ಲೇ ಉಳಿಯಿತೋ ಗೊತ್ತಿಲ್ಲ. ಬೀಗ ತೆಗೆದ ಮೇಲೆ ಸದಾನಂದಯ್ಯನವರ ಬಳಿ ಭರಣಿ ಕೇಳಲು ಹೋದೆ. ಅವರು ನಶ್ಯದ ಡಬ್ಬಿ ತೆರೆದು, ಮುಚ್ಚಿ, ಮತ್ತೆ ತೆರೆದು, "ಮದುವೆ ನನ್ನ ಛತ್ರದಲ್ಲಿ ಆಗಲಿಲ್ವಲ್ಲಪ್ಪ" ಎಂದರು. ಆಗದಂತೆ ಬೀಗ ಹಾಕಿದ್ದು ನಾವಲ್ಲ ಎಂದೆ. ತಾವೂ ಅಲ್ಲ ಎಂದರು. ಬೇಕಾದರೆ ತಂಗಿಯ ಮುಂದಿನ ಮದುವೆಗೆ ಇದನ್ನೇ ಹೊಂದಿಸಿಕೊಳ್ಳುವುದಾಗಿ ಬಲು ಉದಾರವಾಗಿ ಹೇಳಿದರು. ಅವಳಿಗೆ ಮುಂದಿನ ಮದುವೆ ಇಲ್ಲ ಎಂದಾಗ, "ಹಂಗಾದ್ರೆ ಸುಣ್ಣ ಬಣ್ಣ, ದೀಪ, ಗುಡಿಸೋದು ಎಲ್ಲ ಕಳೆದು ಒಂದು ಮುಗುಳ್ನಗೆ ಕೊಡಬಹುದು, ತಗೊಂಡು ಹೋಗು" ಎಂದರು. ನಮ್ಮ ಹಾಗೆಯೇ ಮದುವೆ ಛತ್ರದ ಹೊರಗಾದ ಕಂಚುಗಾರರ ಮನೆಯ ಮಗಳು ಹಾಗೆ ಮುಗುಳ್ನಗೆ ತೆಗೆದುಕೊಂಡು ಹೋದವಳು. ಅದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ. ಸಾವಿನ ಮನೆಯಲ್ಲೂ ಅದೇ, ಹಾಲು ಉಕ್ಕಿದರೂ ಅದೇ. ನಾನು ಬೇಡ ಎಂದು ಬಂದೆ.

ಪ್ರಾಣೇಶನ ಊರಿನಲ್ಲಿ ಛತ್ರಕ್ಕೆ ದುಡ್ಡನ್ನು ಅಡ್ವಾನ್ಸ್ ಕೊಡುತ್ತಾರಂತೆ. ಕೇಳಿ ನಮಗೆಲ್ಲ ನಗು ಬಂತು, ಕುಮುದಾಳಿಗೆ ಬರಲಿಲ್ಲ. ಅವಳು ಗಂಡನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದನ್ನೂ ಅವಳು ಗಂಭೀರವಾಗಿಯೇ ಹೇಳಿದ್ದರಿಂದ, ತನ್ನ ಹಾಸ್ಯಕ್ಕೆ ನಗದೆ ತನ್ನನ್ನೇ ಹಾಸ್ಯ ಮಾಡುತ್ತಿದ್ದಾಳೆ ಎಂದು ಅವನು ಅಂದುಕೊಂಡ. ದಿನಾ ಸಂಜೆ ಅಂಚೆ ಕಚೇರಿಯಿಂದ ಒಂದು ಹೊಸ ಜೋಕು ಕಟ್ಟಿಕೊಂಡು ಬರುತ್ತಿದ್ದ. ಅವಳು ದೇವಸ್ಥಾನದ ಮೂರ್ತಿಯ ಹಾಗೆ ಕೂತು ಕೇಳುತ್ತಿದ್ದಳು. ಅತ್ತೆ ಸೊಕ್ಕು ಎಂದರು. ಪ್ರಾಣೇಶ ಜೋಕು ಹೇಳುವುದನ್ನು ನಿಲ್ಲಿಸಿದ. ಆಮೇಲೆ ಮಾತನ್ನೂ ಕಡಿಮೆ ಮಾಡಿದ.

ಆಷಾಢಕ್ಕೆ ತವರಿಗೆ ಬಂದ ಕುಮುದಾ ತೊಟ್ಟಿಯ ಕಟ್ಟೆಯ ಮೇಲೆ ಕೂತು ಹೇಳಿದಳು: "ಅಣ್ಣ, ಅವರ ಜೋಕು ಒಂದೂ ಚೆನ್ನಾಗಿರಲ್ಲ. ಅದಕ್ಕೇ ನಂಗೆ ನಗು ಬರ್ಬೇಕು. ಒಳಗಿಂದ ಬಂದು ಬಾಗಿಲು ತಟ್ಟಿ ವಾಪಸ್ ಹೋಗುತ್ತೆ. ಅಳೋಕೆ ಯಾರೂ ಅಡ್ವಾನ್ಸ್ ಇಸ್ಕೊಂಡಿಲ್ಲ ನೋಡು, ಅದೊಂದು ಸಲೀಸಾಗಿ ಬರ್ತಿದೆ."

ಅವಳ ಕಷ್ಟ ನೋಡಲಾರದೆ ನನ್ನ ವಿದ್ಯೆ ತೋರಿಸಿದೆ. ನಾನು ಮದುವೆ ಮನೆಗಳಲ್ಲಿ ದನಿ ಅನುಕರಣೆ ಮಾಡಿ ಬದುಕುವವನು. ಛತ್ರಕ್ಕೆ ಬೀಗ ಬಿದ್ದ ಮೇಲೆ ಪುರಸಭೆಯ ಆಟೋದಲ್ಲಿ ಕೂತು, ಕೈ ತೊಳೆಯಿರಿ, ದೂರ ನಿಲ್ಲಿ ಎಂದು ಊರಿನ ದೊಡ್ಡ ಮನುಷ್ಯರ ದನಿಗಳಲ್ಲಿ ಕೂಗುವುದು ನನ್ನ ಕೆಲಸವಾಗಿತ್ತು. ಪ್ರಾಣೇಶನ ಫೋನು ಬಂದಾಗ ಕುಮುದಾ ಮಾತನಾಡಿದಳು, ಅವನು ಬಹಳ ದಿನದ ಮೇಲೆ ಧೈರ್ಯ ಮಾಡಿ ಒಂದು ಜೋಕು ಹೇಳಿದ, ಪಕ್ಕದಲ್ಲಿ ನಿಂತು ಅವಳ ನಗುವನ್ನು ನಾನು ನಕ್ಕೆ. ಬಿಕ್ಕು, ಲೋಟ, ದೇವರು ಎಲ್ಲ ಸರಿಯಾಗಿ ಬಂತು. ಆ ಕಡೆ ಅವನ ಉಸಿರು ಹಗುರಾದದ್ದು ಇಲ್ಲಿಗೆ ಕೇಳಿಸಿತು. ಮಾರನೆಯ ದಿನ ಖುಷಿಯಲ್ಲಿ ವಿಡಿಯೋ ಕರೆ ಮಾಡಿಬಿಟ್ಟ. ಅವನ ಜೋಕಿಗೆ ಹೆಂಡತಿಯ ಮುಖ ಗೋಡೆಯ ಹಾಗೆ ನಿಂತದ್ದನ್ನು ಕಣ್ಣಾರೆ ನೋಡಿದ. ಎರಡು ದಿನ ಬಿಟ್ಟು ನನಗೇ ಹೇಳಿಕಳಿಸಿದ: ಕಾಣದೆ ಇದ್ದಾಗ ನಗುವವಳು ಕಂಡಾಗ ನಗುವುದಿಲ್ಲವೆಂದರೆ ನನ್ನ ಮುಖವೇ ಬೇಡವೆಂದು ಅರ್ಥ. ಶ್ರಾವಣಕ್ಕೆ ಕರೆದುಕೊಂಡು ಹೋಗಲು ಬರುವುದಿಲ್ಲ. ಅವಳು ಅಲ್ಲೇ ಸುಖವಾಗಿರಲಿ.

ಇದನ್ನು ಕುಮುದಾಳಿಗೆ ಹೇಳುವ ಧೈರ್ಯ ನನಗಿರಲಿಲ್ಲ. ನನ್ನ ಮುಖ ನೋಡಿ ಅವಳೇ ತಿಳಿದುಕೊಂಡಳು. ಶ್ರಾವಣ ಬರುವುದರೊಳಗೆ ಆ ಭರಣಿ ತೆರೆಯಲೇಬೇಕಾಗಿತ್ತು.

ಮಧ್ಯಾಹ್ನ ಸದಾನಂದಯ್ಯನವರು ಮಲಗಿದ್ದ ಹೊತ್ತಿನಲ್ಲಿ ಛತ್ರದ ಹಿಂಭಾಗಕ್ಕೆ ಹೋಗಿ, ಉಗ್ರಾಣದ ಕಿಟಕಿಗೆ ಬಾಯಿಟ್ಟು, ಅವರದೇ ಮೂಗಿನ ದನಿಯಲ್ಲಿ ಎಲ್ಲರ ಊಟ ಆಯ್ತಾ ಎಂದು ಕೇಳಿದೆ. ಹಲಗೆಯ ಮೇಲಿನ ಭರಣಿಗಳು ಒಂದಕ್ಕೊಂದು ತಗುಲಿ ಟಣಟಣ ಎಂದವು. ದಾರ ಕಳಚಲಿಲ್ಲ. ಇನ್ನೊಮ್ಮೆ ಕೇಳಿದೆ. ಒಂದು ಭರಣಿ ಒಳಗಿನಿಂದಲೇ ನನ್ನನ್ನು ನೋಡಿ ಕಿಸಕ್ಕೆಂದ ಹಾಗಾಯಿತು. ತಿರುಗಿ ನೋಡಿದರೆ ಬೆನ್ನ ಹಿಂದೆ ಯಜಮಾನರ ಹೆಂಡತಿ ವಿಶಾಲಾಕ್ಷಮ್ಮನವರು ಸಂಡಿಗೆ ಮೊರ ಹಿಡಿದು ನಿಂತಿದ್ದರು.

"ದನಿ ಸರಿಯಾಗೇ ಇದೆ ಕಣಪ್ಪ, ಹಾಸಿಗೆಯಿಂದ ಎದ್ದು ಬಂದ್ರಾ ಅಂದ್ಕೊಂಡೆ" ಎಂದರು. "ಆದ್ರೆ ಊಟ ಎಲ್ಲಿ? ಎಲೆ ಹಾಕ್ದೆ ಆ ಮಾತು ಕೇಳಿದ್ರೆ ಭರಣಿ ಬಿಚ್ಕೊಳುತ್ತಾ? ಎಲೆ ಹಾಕಿದ್ರೂ ಅವರೇ ಕೇಳ್ಬೇಕು. ಭರಣಿಗೂ ಕಿವಿ ಇದೆ, ನಿನ್ನ ಚೇಷ್ಟೆಗೆ ಬೀಳಲ್ಲ."

ಬೈದು ಕಳಿಸುತ್ತಾರೆಂದುಕೊಂಡೆ. ಅವರು ಮೊರವನ್ನು ಬಿಸಿಲಿಗಿಟ್ಟು, ಕಿಟಕಿಯ ಸರಳು ಹಿಡಿದು ಒಳಗೆ ನೋಡುತ್ತ ನಿಂತರು. ಮೂಲೆಯಲ್ಲಿ, ಉಳಿದವುಗಳಿಂದ ದೂರದಲ್ಲಿ, ಬಟ್ಟೆ ಕಂದಿಹೋದ ಒಂದು ಭರಣಿ ಇತ್ತು. ಅದು ಅವರ ಗಂಡನದು. ಛತ್ರ ಗಂಡಿನ ಮನೆಯದೇ ಆದ್ದರಿಂದ ಅವರ ಮದುವೆಯಲ್ಲಿ ಗಂಡಿನ ಕಡೆಯಿಂದಲೇ ಅಡ್ವಾನ್ಸು. ಭರಣಿ ಕಟ್ಟಿದವರು ಸದಾನಂದಯ್ಯನವರ ತಂದೆ, ಊರೆಲ್ಲ ದೊಡ್ಡ ಯಜಮಾನರು ಎಂದು ಕರೆಯುತ್ತಿದ್ದವರು. ಆ ಮದುವೆಯಲ್ಲಿ ಹೋಳಿಗೆ ಮೊದಲ ಪಂಕ್ತಿಯಲ್ಲೇ ಮುಗಿದುಹೋಯಿತಂತೆ. ಎರಡನೆಯ ಪಂಕ್ತಿಯಲ್ಲಿ ಕೂತಿದ್ದ ಹೆಣ್ಣಿನ ಕಡೆಯವರು ಅನ್ನದಲ್ಲಿ ಕೈಯಿಟ್ಟವರು ಹಾಗೇ ಎದ್ದರು. ದೊಡ್ಡ ಯಜಮಾನರು ಬಂದು ಊಟ ಆಯ್ತಾ ಎಂದು ಕೇಳುವಷ್ಟರಲ್ಲಿ ಎಲೆಗಳಿದ್ದವು, ಜನರಿರಲಿಲ್ಲ. ಎದ್ದು ಹೋದವರೇ ಬಂದು ಕೂರಲಿ ಎಂದು ಇವರು, ಕರೆಯಲಿ ಎಂದು ಅವರು. ವಿಶಾಲಾಕ್ಷಮ್ಮನವರು ಅಂದಿನಿಂದ ಮನೆಯಲ್ಲಿ ಉಣ್ಣುತ್ತಾರೆಯೇ ಹೊರತು ಛತ್ರದ ಊಟದ ಮನೆಯಲ್ಲಿ ಒಂದು ತುತ್ತೂ ಎತ್ತಿಲ್ಲ.

"ತಲೆ ಎಲ್ಲ ಬೆಳ್ಳಗಾಯ್ತು. ಅವರು ನಗೋದು ಹೆಂಗಿರುತ್ತೆ ಅಂತ ಇವತ್ತಿಗೂ ನಂಗೊತ್ತಿಲ್ಲ" ಎಂದರು. "ಊರಿಗೆಲ್ಲ ನಗು ವಾಪಸ್ ಕೊಡ್ತಾ ಕೊಡ್ತಾ ತಮ್ದು ಮಾತ್ರ ಇಲ್ಲೇ ಕೂತಿದ್ರೆ ಯಾರಿಗಾದ್ರೂ ಹೊಟ್ಟೆ ಉರಿಯಲ್ವಾ? ಕೊಡ್ದೆ ಇಟ್ಕೊಳ್ಳೋಕೆ ಈ ಕಾಯಿಲೆ ಒಂದು ನೆಪ ಸಿಕ್ತು."

ಮನೆಗೆ ಬರುವ ದಾರಿಯಲ್ಲಿ ನನ್ನ ತಲೆಯಲ್ಲಿ ಅನ್ನ ಕುದಿಯಲು ಶುರುವಾಗಿತ್ತು. ಆಗ ಆ ಛತ್ರದ ಮುಂಭಾಗದಲ್ಲಿ ಲಸಿಕೆ ಹಾಕುತ್ತಿದ್ದರು. ಜನ ಸೂಜಿಗೆ ಹೆದರಿ ಬರುತ್ತಿರಲಿಲ್ಲ. ನಾನು ಡಾಕ್ಟರಮ್ಮನ ಬಳಿ ಹೋಗಿ, ಲಸಿಕೆ ಹಾಕಿಸಿಕೊಂಡವರಿಗೆ ಬಾಳೆ ಎಲೆ ಹಾಕಿ ಹೋಳಿಗೆ ಊಟ ಬಡಿಸಿದರೆ ಊರಿಗೆ ಊರೇ ತೋಳು ಮಡಚಿಕೊಂಡು ಬರುತ್ತದೆ ಎಂದೆ. ನಮ್ಮ ಜನಕ್ಕೆ ಸೂಜಿ ಬೇಡ, ರುಚಿ ಬೇಕು ಎಂದೂ ಸೇರಿಸಿದೆ. ಆಕೆಗೆ ನನ್ನ ಪ್ರಾಸ ಹಿಡಿಸಲಿಲ್ಲ, ಉಪಾಯ ಹಿಡಿಸಿತು. ಅಡುಗೆಯ ಶೇಷಣ್ಣನಿಗೆ ಹೇಳಿದ್ದೇ ತಡ, ಬಹಳ ದಿನದಿಂದ ಮೂರು ಜನರಿಗೆ ಮಾತ್ರ ಸಾರು ಮಾಡಿ ಕೈ ಕುಂಟಾಗಿದೆ, ಕೂಲಿಯೂ ಬೇಡ, ದೊಡ್ಡ ಒಲೆ ಹಚ್ಚಲು ಬಿಟ್ಟರೆ ಸಾಕು ಎಂದ. ಭರಣಿ ಸಿಕ್ಕಿಕೊಂಡಿದ್ದ ಮನೆಗಳಿಗೆಲ್ಲ ನಾನೇ ಹೋಗಿ ಹೇಳಿದೆ, ಆ ದಿನವೇ ಬನ್ನಿ, ಜೋಡಿಯಾಗಿ ಬನ್ನಿ, ಮಜ್ಜಿಗೆಯ ತನಕ ಏಳಬೇಡಿ.

ಸದಾನಂದಯ್ಯನವರು ದಡ್ಡರಲ್ಲ. ಊಟದ ಮನೆ ಕೇಳಿದಾಗಲೇ ವಾಸನೆ ಹಿಡಿದರು. ಆದರೆ ಆಷಾಢದಲ್ಲಿ ಯಾರ ಮದುವೆ ತಾನೇ ನಡೆಯುತ್ತದೆ ಎಂಬ ಧೈರ್ಯ ಅವರಿಗಿತ್ತು. ವಾಲಗ ಇರಕೂಡದು, ಮದುವೆಯ ಮಾತೆತ್ತಕೂಡದು ಎಂದು ಷರತ್ತು ಹಾಕಿ, ನನ್ನ ಕಡೆ ಬೆರಳು ತೋರಿಸಿ, "ಎಷ್ಟು ಎಲೆ ಬೇಕಾದ್ರೂ ಹಾಕ್ಕೋ. ಆ ಮಾತು ಮಾತ್ರ ನನ್ನ ಬಾಯಿಂದ ಬರಲ್ಲ" ಎಂದರು. ಹಾಗೆಂದವರು ನಶ್ಯ ಏರಿಸಲು ಮೂಗಿನ ಹತ್ತಿರ ಬೆರಳು ಒಯ್ದು, ಗೋಡೆಯ ಮೇಲಿದ್ದ ದೊಡ್ಡ ಯಜಮಾನರ ಪಟ ಕಣ್ಣಿಗೆ ಬಿದ್ದೊಡನೆ ಕೈಯನ್ನು ಬೆನ್ನ ಹಿಂದೆ ಮರೆಮಾಡಿದರು. ಅವರಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ನನಗೆ ಬೇಕಾದದ್ದು ಸಿಕ್ಕಿತು.

ಪ್ರಾಣೇಶನನ್ನು ಕರೆಸುವುದು ಸುಲಭವಾಗಿತ್ತು. ಡಾಕ್ಟರಮ್ಮನ ದನಿಯಲ್ಲಿ ಫೋನು ಮಾಡಿ, ನಿಮ್ಮ ಲಸಿಕೆಯ ಪಾಳಿ ಇಲ್ಲಿಗೆ ಬಿದ್ದಿದೆ ಎಂದು ಗದರಿಸಿದೆ. ಆಷಾಢದಲ್ಲಿ ಅಳಿಯ ಅತ್ತೆಯ ಹೊಸ್ತಿಲು ತುಳಿಯಬಾರದು. ಛತ್ರದ ಹೊಸ್ತಿಲು ಯಾವ ಅತ್ತೆಯದೂ ಅಲ್ಲ.

ಆ ದಿನ ಊಟದ ಮನೆ ತುಂಬಿತು. ಎಡತೋಳು ಹಿಡಿದುಕೊಂಡವರು, ಮಾಸ್ಕು ಗದ್ದಕ್ಕಿಳಿಸಿದವರು, ಎಲೆಗೂ ಎಲೆಗೂ ನಡುವೆ ಒಂದು ಎಮ್ಮೆ ಮಲಗುವಷ್ಟು ಜಾಗ. ಕುಮುದಾಳನ್ನು ನೋಡಿ ಹಿಂದಕ್ಕೆ ಹೊರಟ ಪ್ರಾಣೇಶನನ್ನು ಶೇಷಣ್ಣ ಭುಜ ಒತ್ತಿ ಅವಳ ಪಕ್ಕದಲ್ಲಿ ಕೂರಿಸಿ ಎಲೆಯ ತುದಿಗೆ ಉಪ್ಪು ಬಡಿಸಿದ. ಹೋಳಿಗೆಯನ್ನು ಎರಡನೆಯ ಪಂಕ್ತಿಯಿಂದ ಶುರು ಮಾಡಬೇಕೆಂದು ನಾನು ಮೊದಲೇ ಹೇಳಿದ್ದೆ. ಅದು ಯಾಕೆಂದು ಅವನು ಕೇಳಲಿಲ್ಲ. ಎರಡನೆಯ ಪಂಕ್ತಿಯ ಮಧ್ಯದಲ್ಲಿ ವಿಶಾಲಾಕ್ಷಮ್ಮನವರು ಹಸಿರು ಸೀರೆ ಉಟ್ಟು ಕೂತದ್ದನ್ನು ನೋಡಿ ಅವನ ಕೈಯ ಹೋಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಅವರ ಎಲೆಗೆ ಮೊದಲು ಬಡಿಸಿದ. ಗೇಟಿನ ಬಳಿ ಮಾಸ್ಕಿನ ಮೇಲೆ ಮಾಸ್ಕು ಕಟ್ಟಿಕೊಂಡು ಕೂತಿದ್ದ ಸದಾನಂದಯ್ಯನವರು ಹೆಂಡತಿಯನ್ನು ಕಂಡರು. ನಶ್ಯದ ಡಬ್ಬಿ ಕೈಗೆ ತೆಗೆದುಕೊಂಡರು, ಎರಡು ಮಾಸ್ಕಿನ ಹಿಂದೆ ಮೂಗಿರುವುದು ಆಮೇಲೆ ನೆನಪಾಯಿತು.

ಮಜ್ಜಿಗೆ ಬಂತು. ಜನ ಅಂಗೈ ಬಗ್ಗಿಸಿ ಸೊರ್ರೆಂದರು. ಎಲ್ಲರ ಕಣ್ಣೂ ಹೊಸ್ತಿಲ ಮೇಲೆ. ಸದಾನಂದಯ್ಯನವರು ಗೇಟಿನ ಬಳಿ ಆಕಾಶ ನೋಡುತ್ತಿದ್ದರು.

ಊಟದ ಮನೆಯ ಕಂಬದ ಹಿಂದೆ, ದೊಡ್ಡ ಯಜಮಾನರ ಆರಾಮ ಕುರ್ಚಿ ಇರುತ್ತಿದ್ದ ಜಾಗದಲ್ಲಿ ನಾನು ನಿಂತಿದ್ದೆ. ಅವರ ದನಿ ನನ್ನ ಮೊದಲ ಅನುಕರಣೆ. ಮುಂಬದಿಯ ಹಲ್ಲೊಂದು ಬಿದ್ದಿದ್ದರಿಂದ ಮಾತಿನ ನಡುವೆ ಸಿಳ್ಳೆ ಬರುತ್ತಿತ್ತು, ಮಾತಿಗೆ ಮುಂಚೆ ಊರುಗೋಲು ಎರಡು ಸಲ ನೆಲಕ್ಕೆ ಬೀಳುತ್ತಿತ್ತು. ಶಾಲೆಯಲ್ಲಿ ಅದನ್ನು ಮಾಡಿ ಏಟು ತಿಂದವನು, ಅವರು ಹೋದ ಮೇಲೆ ಮಾಡಿರಲಿಲ್ಲ. ಕಿಟಕಿಯ ಬಿದಿರು ಕೋಲು ತೆಗೆದು ಎರಡು ಸಲ ನೆಲಕ್ಕೆ ಕುಟ್ಟಿದೆ. ಪಂಕ್ತಿಯಲ್ಲಿ ಹಳಬರ ಬೆನ್ನು ನೆಟ್ಟಗಾಯಿತು.

"ಸದಾ, ಮಜ್ಜಿಗೆ ಬಂತಲ್ಲೋ. ಅಲ್ಲೇನ್ ನೋಡ್ತಾ ಕೂತಿದೀಯ, ಕೇಳೋ."

ನಶ್ಯದ ಡಬ್ಬಿ ಬಿದ್ದ ಸದ್ದಾಯಿತು. ಸದಾನಂದಯ್ಯನವರು ಎತ್ತಿ ಕಟ್ಟಿದ್ದ ಪಂಚೆಯನ್ನು ಇಳಿಬಿಡುತ್ತ ಓಡಿ ಬಂದರು, ಹೊಸ್ತಿಲ ಮೇಲೆ ನಿಂತರು, ಎರಡೂ ಮಾಸ್ಕನ್ನು ಕೆಳಗೆ ಎಳೆದು, ಕೈ ಜೋಡಿಸಿ, "ಎಲ್ಲರ ಊಟ ಆಯ್ತಾ?" ಎಂದು ಕೇಳಿಬಿಟ್ಟರು. ಕೇಳಿದ ಮೇಲೆ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಮಾತು ಅಷ್ಟರಲ್ಲಿ ಕೊನೆಯ ಎಲೆಯ ತನಕ ಹೋಗಿ ಆಗಿತ್ತು. ಊಟದ ಮನೆ ಒಂದೇ ಗಂಟಲಾಗಿ ಆಯ್ತು ಎಂದಿತು.

ಉಗ್ರಾಣದಲ್ಲಿ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ದಾರಗಳು ಪಟಪಟನೆ ಹರಿದವು. ಕಂಚುಗಾರರ ಮಗಳ ಮುಗುಳ್ನಗೆಗೆ ಅದರ ಉಳಿದ ಭಾಗ ಬಂದು ಸೇರಿ, ಅವಳು ಬಾಯಿ ತುಂಬ ನಕ್ಕು ಮಜ್ಜಿಗೆಯನ್ನು ಗಂಡನ ಮೇಲೆ ಚೆಲ್ಲಿದಳು. ಪ್ರಾಣೇಶ ಅಷ್ಟು ಹೊತ್ತೂ ತಲೆ ಎತ್ತದೆ ಉಂಡವನು, ಯಾರಿಗೂ ಕೇಳಿಸಬಾರದೆಂಬಂತೆ ಎಲೆಯ ತುದಿ ನೋಡುತ್ತ, "ಇಲ್ಲಿ ಉಪ್ಪಾದ್ರೂ ಇಟ್ಟಿದ್ದಾರೆ" ಎಂದು ಗೊಣಗಿದ್ದ. ಪಕ್ಕದ ಎಲೆಯಲ್ಲಿ ಒಂದು ಬಿಕ್ಕು ಕೇಳಿಸಿತು. ಆಮೇಲೆ ಲೋಟಗಳು ಮೆಟ್ಟಿಲಿಳಿದವು. ಇಷ್ಟು ದಿನದ ಎಲ್ಲ ಕೆಟ್ಟ ಜೋಕುಗಳಿಗೂ ಸೇರಿಸಿ ಅವಳು ನಗುತ್ತಿದ್ದಳು, ಬಗ್ಗಿ, ಎಲೆಯ ಮೇಲೆ ಜಡೆ ಬಿದ್ದರೂ ತಿಳಿಯದೆ. ಅಯ್ಯೋ ದೇವರೇ ಎಂದಾಗ ಪ್ರಾಣೇಶನ ಕಣ್ಣಲ್ಲಿ ನೀರಿತ್ತು. ಅಷ್ಟು ಚೆನ್ನಾಗಿತ್ತಾ ಎಂದು ಕೇಳಿದ. "ಒಂಚೂರೂ ಚೆನ್ನಾಗಿಲ್ಲ ರೀ, ಇನ್ನೊಂದು ಹೇಳಿ" ಎಂದಳು ಕುಮುದಾ.

ನಾನು ಅದನ್ನು ಪೂರ್ತಿ ನೋಡುವಷ್ಟರಲ್ಲಿ ಸದಾನಂದಯ್ಯನವರ ಕೈ ನನ್ನ ಕೊರಳಪಟ್ಟಿಯಲ್ಲಿತ್ತು. ನನ್ನ ಮಾಸ್ಕನ್ನು ಕಿತ್ತು ಮುಖ ನೋಡಿದರು. "ನಮ್ಮಪ್ಪ ಅಂದ್ಕೊಂಡೆ ಕಣೋ" ಎಂದರು. "ಬೈದ್ರಲ್ಲ, ಸದ್ಯ ಬಂದ್ರಲ್ಲ ಅಂದ್ಕೊಂಡು ಓಡಿ ಬಂದೆ." ನಾನು ಕೋಲನ್ನು ಕಂಬಕ್ಕೆ ಒರಗಿಸಿ ಕೈ ಜೋಡಿಸಿದೆ.

ಎರಡನೆಯ ಪಂಕ್ತಿಯಲ್ಲಿ ಒಬ್ಬರು ಮಾತ್ರ ಇನ್ನೂ ಉಣ್ಣುತ್ತಿದ್ದರು. ಎಲ್ಲರೂ ಆಯ್ತು ಎಂದಾಗ ವಿಶಾಲಾಕ್ಷಮ್ಮನವರು ಎಂದಿರಲಿಲ್ಲ. ಹೋಳಿಗೆಯ ಕೊನೆಯ ಚೂರನ್ನು ತುಪ್ಪದಲ್ಲಿ ಒರೆಸಿ ಬಾಯಿಗೆ ಹಾಕಿಕೊಂಡು, ನಿಧಾನವಾಗಿ ಅಗಿದು ನುಂಗಿ, ಎಲೆಯನ್ನು ತಮ್ಮ ಕಡೆಗೆ ಮಡಚಿದರು. ಗಂಡನ ಕಡೆ ತಿರುಗಿ, "ರೀ, ನಂದು ಈಗ ಆಯ್ತು" ಎಂದರು.

ಉಗ್ರಾಣದ ಮೂಲೆಯಲ್ಲಿ ಹಳೆಯ ದಾರವೊಂದು ಹರಿಯಿತು.

ಸದಾನಂದಯ್ಯನವರ ಕೈ ನನ್ನ ಕೊರಳಪಟ್ಟಿಯಲ್ಲೇ ಸಡಿಲವಾಯಿತು. ಏನೋ ನುಂಗಿದವರ ಹಾಗೆ ಕಣ್ಣರಳಿಸಿದರು. ಹೂಜಿಯ ಕಿರಿದಾದ ಬಾಯಿಯಿಂದ ನೀರು ಬಗ್ಗಿಸಿದ ಹಾಗೆ ಗುಳುಗುಳು ಎಂದು ಶುರುವಾಯಿತು. ಅದು ಈ ಮುದುಕರ ನಗುವಲ್ಲ, ಆಗಷ್ಟೇ ಬಾಸಿಂಗ ಕಟ್ಟಿಕೊಂಡ ಹುಡುಗನ ನಗು, ಇಷ್ಟು ವರ್ಷ ಉಪ್ಪಿನಕಾಯಿಯ ಹಾಗೆ ಊರಿ ಹದವಾಗಿತ್ತು. ಸದ್ದು ಮೇಲೇರುತ್ತ ಹೋಗಿ ಸೂರಿನ ಪಾರಿವಾಳಗಳನ್ನು ಎಬ್ಬಿಸಿತು. ಹೊರಗೆ ಪಾಳಿಯಲ್ಲಿ ಹಿಂದೆಮುಂದೆ ನೋಡುತ್ತ ನಿಂತಿದ್ದವರು, ಸೂಜಿ ಇಷ್ಟೊಂದು ಕಚಗುಳಿ ಇಡುತ್ತದೆಯೇ ಎಂದು ತೋಳು ಮಡಚಿಕೊಂಡು ಒಳಗೆ ನುಗ್ಗಿದರು. ವಿಶಾಲಾಕ್ಷಮ್ಮನವರು ಎಂಜಲು ಕೈಯನ್ನು ತೊಳೆಯಲೂ ಮರೆತು, ಗಂಡನ ಬಾಯನ್ನೇ ನೋಡುತ್ತ ಕೂತಿದ್ದರು.

"ಇನ್ನೊಂದ್ಸಲ ಮಾಡೋ, ಅಪ್ಪನ್ನ" ಎಂದರು ಸದಾನಂದಯ್ಯನವರು, ಕಂಬ ಹಿಡಿದುಕೊಂಡು. ನಾನು ಕೋಲು ಕುಟ್ಟಿ, ಹಲ್ಲಿನ ಸಂದಿಯಿಂದ ಸಿಳ್ಳೆ ಬಿಟ್ಟು, ಸದಾ ಎಂದೆ. ಅವರ ಕೈ ತಾನಾಗಿ ಪಂಚೆಯ ಕಡೆ ಹೋಯಿತು. ಹೋದ ಕೈಯನ್ನು ಅವರೇ ನೋಡಿಕೊಂಡರು, ನೋಡಿಕೊಂಡು ಕಂಬದಿಂದ ಜಾರಿ ನೆಲಕ್ಕೆ ಕೂತರು. ತೆರೆದ ಅಷ್ಟೂ ಭರಣಿಗಳ ನಗುವಿನ ಮೇಲೆ, ಕುಮುದಾಳ ಲೋಟಗಳ ಮೇಲೆ, ಅವರ ನಗುವೇ ಎಲ್ಲಕ್ಕಿಂತ ಜೋರಾಗಿ ಕೇಳುತ್ತಿತ್ತು.